ಮೂರು ತಿಂಗಳು ಡಾರ್ಮಿಟರಿಯಲ್ಲೇ ಕಳೆಯಬಹುದಾ?

ಪ್ರಶ್ನೆ: ತರಬೇತಿಗೆಂದು ಮೂರು ತಿಂಗಳು ಒಂದು ದೊಡ್ಡ ನಗರದಲ್ಲಿ ಇರಬೇಕಿದೆ. ಒಂಟಿ ರೂಮಿನ ಬಾಡಿಗೆ ಕೇಳಿ ತಲೆ ತಿರುಗಿತು. ಡಾರ್ಮಿಟರಿಯಲ್ಲಿ ಒಂದು ಮಂಚಕ್ಕೆ ಅದರ ಮೂರನೇ ಒಂದು ಭಾಗ ಕೊಟ್ಟರೆ ಸಾಕಂತೆ. ಎರಡು ಮೂರು ದಿನ ಅಂಥ ಕಡೆ ಇದ್ದು ಗೊತ್ತು, ತಿಂಗಳುಗಟ್ಟಲೆ ಇದ್ದು ಗೊತ್ತಿಲ್ಲ. ಸಣ್ಣ ಸದ್ದಿಗೂ ಎಚ್ಚರ ಆಗುವ ಜಾತಿ ನನ್ನದು. ಇರಬಹುದಾ? ಜಾಗ ಆರಿಸುವಾಗ ಏನು ನೋಡಬೇಕು? ಮೇಲಿನ ಮಂಚ ಒಳ್ಳೆಯದೋ ಕೆಳಗಿನದೋ?

ಉತ್ತರ: ಇರಬಹುದು. ಆದರೆ ಎಲ್ಲಾ ಡಾರ್ಮಿಟರಿಯಲ್ಲೂ ಅಲ್ಲ. ನಾನು ಹನ್ನೊಂದು ವರ್ಷ ಒಂದು ಡಾರ್ಮಿಟರಿ ನಡೆಸಿದವನು. ಅದಕ್ಕೂ ಮುಂಚೆ ಒಂದೂವರೆ ವರ್ಷ ಇನ್ನೊಂದರಲ್ಲಿ ಬಾಡಿಗೆ ಕೊಟ್ಟು ಮಲಗಿದವನು. ಗಲ್ಲಾಪೆಟ್ಟಿಗೆಯ ಎರಡೂ ಕಡೆ ನಿಂತು ನೋಡಿದ್ದನ್ನು ಹೇಳುತ್ತೇನೆ.

ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆ ಒಂದು ಪ್ರಶ್ನೆ ಕೇಳಿ: ಈ ರೂಮಿನಲ್ಲಿ ಈಗಿರುವವರು ಎಷ್ಟು ದಿನದಿಂದ ಇದ್ದಾರೆ? ಯಾಕೆ ಅಂತೀರಾ, ಮೂರು ದಿನಕ್ಕೆ ಬಂದವನಿಗೆ ಎಲ್ಲವೂ ಹೊಸದು. ರಾತ್ರಿ ಹನ್ನೆರಡಕ್ಕೆ ಬರುತ್ತಾನೆ, ಲೈಟಿನ ಸ್ವಿಚ್ ಎಲ್ಲಿದೆ ಗೊತ್ತಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತುತ್ತಾನೆ, ಬ್ಯಾಗಿನ ಜಿಪ್ ಎಳೆಯುತ್ತಾನೆ, ಬೆಳಗಿನ ಜಾವ ನಾಲ್ಕಕ್ಕೆ ಅಲಾರಂ ಇಟ್ಟು ರೈಲು ಹಿಡಿಯಲು ಓಡುತ್ತಾನೆ. ಪಾಪ, ಅವನ ತಪ್ಪೇನಿಲ್ಲ. ಅವನು ಹೋದ ಮೇಲೆ ಅದೇ ಮಂಚಕ್ಕೆ ಇನ್ನೊಬ್ಬ ಬರುತ್ತಾನೆ, ಅವನಿಗೂ ಸ್ವಿಚ್ ಎಲ್ಲಿದೆ ಗೊತ್ತಿಲ್ಲ. ಎಂಟು ಮಂಚದ ರೂಮಿನಲ್ಲಿ ಏಳು ಮಂಚ ಹೀಗೆ ಖಾಲಿಯಾಗಿ ತುಂಬುತ್ತಿದ್ದರೆ, ನೀವಿರುವ ತೊಂಬತ್ತು ದಿನವೂ ಅಲ್ಲಿ ಯಾರದ್ದೋ ಒಬ್ಬರ ಮೊದಲ ರಾತ್ರಿ ನಡೆಯುತ್ತಿರುತ್ತದೆ. ಆ ಏಳು ಜನ ನಿಮ್ಮ ಹಾಗೇ ತಿಂಗಳುಗಟ್ಟಲೆ ಇರುವವರಾದರೆ ಕಥೆಯೇ ಬೇರೆ. ಎರಡನೇ ವಾರಕ್ಕೆಲ್ಲ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರ ಗೊರಕೆ ಯಾವ ಮಗ್ಗುಲಿಗೆ ತಿರುಗಿದರೆ ನಿಲ್ಲುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಾಗಿರುತ್ತದೆ.

ಸ್ವಲ್ಪ ಹಳೇ ಕಥೆ ಹೇಳಬೇಕು, ಬೇಗ ಮುಗಿಸುತ್ತೇನೆ. ಡಾರ್ಮಿಟರಿಗೆ ಎರಡು ಮನೆತನ ಇವೆ ಅಂತ ನಾನು ತಮಾಷೆಗೆ ಹೇಳುತ್ತಿರುತ್ತೇನೆ. ಒಂದು ಜರ್ಮನಿಯದು. ರಿಚರ್ಡ್ ಶಿರ್‌ಮಾನ್ ಅನ್ನುವ ಶಾಲಾ ಮೇಷ್ಟ್ರು 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆ ಪ್ರವಾಸಕ್ಕೆ ಕರೆದುಕೊಂಡು ಹೋಗಿ ಗುಡುಗು ಮಳೆಗೆ ಸಿಕ್ಕಿಕೊಂಡರು, ಹಳ್ಳಿಯ ಒಂದು ಶಾಲೆಯಲ್ಲಿ ಹುಲ್ಲಿನ ಮೇಲೆ ರಾತ್ರಿ ಕಳೆದರು. ಅವತ್ತು ಹೊಳೆದ ಯೋಚನೆಯೇ 1912ರಲ್ಲಿ ಆಲ್ಟೆನಾ ಕೋಟೆಯೊಳಗೆ ಯೂತ್ ಹಾಸ್ಟೆಲ್ ಆಯಿತು. ಅದು ನಡೆದು ಬಂದವರಿಗೆ ಕಟ್ಟಿದ ಜಾಗ. ಮಲಗು, ಏಳು, ಮುಂದಿನ ಊರಿಗೆ ಹೊರಡು. ಅದಕ್ಕೇ ಹಳೇ ಕಾಲದ ಯೂತ್ ಹಾಸ್ಟೆಲ್‌ಗಳಲ್ಲಿ ಹಗಲು ಹೊತ್ತು ಬಾಗಿಲನ್ನೇ ಹಾಕುತ್ತಿದ್ದರು. ಇನ್ನೊಂದು ಮನೆತನ ಲಂಡನ್ನಿನದು. ಅಲ್ಲಿ 1892ರಲ್ಲಿ ಲಾರ್ಡ್ ರೌಟನ್ ಅನ್ನುವವರು ವಾಕ್ಸ್‌ಹಾಲ್‌ನಲ್ಲಿ ದುಡಿಯುವ ಗಂಡಸರಿಗಾಗಿ ಒಂದು ವಸತಿ ಮನೆ ತೆಗೆದರು. ಒಬ್ಬೊಬ್ಬರಿಗೆ ಅಡ್ಡಗೋಡೆ ಹಾಕಿದ ಪುಟ್ಟ ಗೂಡು, ಜೊತೆಗೆ ಎಲ್ಲರಿಗೂ ಸೇರಿ ಊಟದ ಕೋಣೆ, ಓದುವ ಕೋಣೆ. ಗೂಡಿನಲ್ಲಿ ಕೈಕಾಲು ಚಾಚುವಷ್ಟೇ ಜಾಗ, ಆದರೆ ಎಚ್ಚರ ಇದ್ದಾಗ ಕೂರುವುದಕ್ಕೆ ಜಾಗ ಧಾರಾಳ. 1979ರಲ್ಲಿ ಒಸಾಕಾದಲ್ಲಿ ಕಿಶೋ ಕುರೊಕಾವಾ ವಿನ್ಯಾಸದಲ್ಲಿ ಶುರುವಾದ ಕ್ಯಾಪ್ಸೂಲ್ ಹೋಟೆಲ್ ನೋಡಲು ಈ ಗೂಡಿನ ಹಾಗೇ ಇದೆ, ಗುಣ ಮಾತ್ರ ಆಲ್ಟೆನಾದ್ದು, ಒಂದು ರಾತ್ರಿಯ ಲೆಕ್ಕದ್ದು.

ನಿಮಗೆ ಬೇಕಿರುವುದು ರೌಟನ್ ಮನೆತನದ ಡಾರ್ಮಿಟರಿ. ಹಾಗಂತ ಬೋರ್ಡ್ ಯಾರೂ ಹಾಕಿರುವುದಿಲ್ಲ. ನೀವೇ ಕಂಡುಹಿಡಿಯಬೇಕು. ಮಧ್ಯಾಹ್ನ ಹೋಗಿ ನೋಡಬೇಡಿ. ಮಧ್ಯಾಹ್ನ ಎಲ್ಲಾ ಡಾರ್ಮಿಟರಿಯೂ ಚೆನ್ನಾಗಿಯೇ ಕಾಣುತ್ತದೆ, ಜನರೇ ಇರುವುದಿಲ್ಲವಲ್ಲ. ರಾತ್ರಿ ಒಂಬತ್ತಕ್ಕೆ ಹೋಗಿ. ಮೊದಲು ಚಪ್ಪಲಿ ಸ್ಟ್ಯಾಂಡ್ ನೋಡಿ: ಒಬ್ಬೊಬ್ಬರದು ಎರಡೆರಡು ಜೊತೆ, ಒಂದು ಆಫೀಸಿನ ಶೂ ಒಂದು ಹವಾಯಿ, ಹಾಗಿದ್ದರೆ ಅಲ್ಲಿ ಜನ ವಾಸ ಮಾಡುತ್ತಿದ್ದಾರೆ ಅಂತ ಅರ್ಥ. ಅಡುಗೆಮನೆ ಇದ್ದರೆ ಫ್ರಿಜ್ ತೆಗೆದು ನೋಡಿ. ಡಬ್ಬಿಗಳ ಮೇಲೆ ಹೆಸರು, ತಾರೀಖು ಬರೆದು ಅಂಟಿಸಿದ್ದರೆ ಒಳ್ಳೆಯ ಲಕ್ಷಣ. ಕೂರಲು ಮೇಜು ಕುರ್ಚಿ ಇದೆಯಾ? ಅದರ ಮೇಲೆ ಬೆಳಕು ಬೀಳುತ್ತದಾ, ಅಥವಾ ಟಿವಿ ಒಂದೇ ಬೊಬ್ಬೆ ಹೊಡೆಯುತ್ತಿದೆಯಾ? ಬಟ್ಟೆ ಒಣಗಿಸಲು ತಂತಿ ಇದೆಯಾ, ಅಥವಾ ಮಂಚದ ಕಂಬಿಗಳ ಮೇಲೆಲ್ಲ ಒದ್ದೆ ಟವೆಲ್ ನೇತಾಡುತ್ತಿವೆಯಾ? ಇಂಟರ್‌ನೆಟ್ಟಿನಲ್ಲಿ ಬರೆದಿರುವ ಅಭಿಪ್ರಾಯಗಳನ್ನು ಓದಿ, ಆದರೆ ಯಾರು ಬರೆದದ್ದು ಅನ್ನುವುದನ್ನು ಮರೆಯಬೇಡಿ. ಹೆಚ್ಚಿನವರು ಎರಡು ರಾತ್ರಿ ಇದ್ದು ಹೋದವರು. "ಸಖತ್ ಮಜಾ, ರಾತ್ರಿಯೆಲ್ಲಾ ಹಾಡು, ಎಷ್ಟೊಂದು ಗೆಳೆಯರು" ಅಂತ ಅವರು ಐದು ನಕ್ಷತ್ರ ಕೊಟ್ಟಿದ್ದರೆ ನಿಮಗೆ ಅದು ಅಪಾಯದ ಗಂಟೆ.

ಈಗ ದುಡ್ಡು. ಒಂಟಿ ರೂಮಿಗೆ ನೂರು ಅಂದುಕೊಳ್ಳಿ, ಮಂಚಕ್ಕೆ ಮೂವತ್ತೈದು. ಅರವತ್ತೈದು ಉಳಿಯಿತು ಅಂತ ಖುಷಿಪಡುವ ಮುಂಚೆ ನೋಡಿ: ಅಡುಗೆಗೆ ಜಾಗ ಇಲ್ಲದಿದ್ದರೆ ಮೂರು ಹೊತ್ತೂ ಹೊರಗೆ ತಿನ್ನಬೇಕು. ಒಗೆಯಲು ಬಿಡದಿದ್ದರೆ ಬಟ್ಟೆ ಹೊರಗೆ ಕೊಡಬೇಕು. ಕೂತು ಓದಲು ಜಾಗ ಇಲ್ಲದಿದ್ದರೆ ಸಂಜೆ ಎಲ್ಲೋ ಒಂದು ಕಡೆ ಏನೋ ಒಂದು ಕುಡಿಯುತ್ತಾ ಎರಡು ಗಂಟೆ ಕಳೆಯಬೇಕು. ಲಾಕರ್ ಸಣ್ಣದಾದರೆ ದೊಡ್ಡ ಪೆಟ್ಟಿಗೆಗೆ ಬೇರೆ ಬಾಡಿಗೆ. ಅಡುಗೆಮನೆ, ಮೇಜು, ಒಗೆಯುವ ಜಾಗ ಮೂರೂ ಇರುವ ಡಾರ್ಮಿಟರಿ ನಲವತ್ತೈದು ಕೇಳಿದರೂ ಅದೇ ಸೋವಿ. ಏನೂ ಇಲ್ಲದ ಮೂವತ್ತೈದರ ಮಂಚದಲ್ಲಿ ಇದ್ದು ತಿಂಗಳ ಕೊನೆಗೆ ಒಂಟಿ ರೂಮಿನವರಷ್ಟೇ ಖರ್ಚು ಮಾಡಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತು, ಮಾಲೀಕರಿಗೆ ಸಿಟ್ಟು ಬಂದರೂ ಹೇಳುತ್ತೇನೆ. ತಿಂಗಳ ಬಾಡಿಗೆಯನ್ನು ಚೌಕಾಸಿ ಮಾಡಿ. ದಿನದ ಬಾಡಿಗೆಯನ್ನು ಮೂವತ್ತರಿಂದ ಗುಣಿಸಿ ಹೇಳಿದರೆ ಒಪ್ಪಬೇಡಿ. ನೀವು ಇದ್ದರೆ ಅವರಿಗೆ ಮಂಚ ಖಾಲಿ ಬೀಳುವ ಭಯ ಇಲ್ಲ, ಎರಡು ದಿನಕ್ಕೊಮ್ಮೆ ಹಾಸು ಹೊದಿಕೆ ಬದಲಿಸುವ ಖರ್ಚಿಲ್ಲ, ಬುಕಿಂಗ್ ಆ್ಯಪ್‌ನವರಿಗೆ ಕಮಿಷನ್ ಕೊಡುವ ಹಾಗಿಲ್ಲ. ಈ ಮೂರು ಉಳಿತಾಯದಲ್ಲಿ ನಿಮಗೂ ಒಂದು ಪಾಲು ಸಿಗಬೇಕು, ಅಲ್ವಾ? ಇದೇ ಲೆಕ್ಕದಲ್ಲಿ ನಾನೇ ಎಷ್ಟೋ ಜನಕ್ಕೆ ಕಡಿಮೆ ಮಾಡಿ ಕೊಟ್ಟಿದ್ದೇನೆ. ಕೇಳದವರಿಗೆ ಕೊಟ್ಟಿಲ್ಲ, ಅದೂ ನಿಜ.

ಆದರೆ ಮೊದಲ ದಿನವೇ ತಿಂಗಳಿನದು ಕಟ್ಟಬೇಡಿ. ಮೂರು ರಾತ್ರಿಗೆ ಮಾತ್ರ ಕೊಟ್ಟು ಇದ್ದು ನೋಡಿ. ಒಂದೇ ರಾತ್ರಿ ಸಾಲದು, ಅದಕ್ಕೆ ಕಾರಣ ಇದೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮಿದುಳಿನ ಎಡಭಾಗ ಬಲಭಾಗದಷ್ಟು ಆಳವಾಗಿ ಮಲಗುವುದಿಲ್ಲ, ಸದ್ದಾದರೆ ಬೇಗ ಎಚ್ಚರಗೊಳ್ಳುತ್ತದೆ, ಒಂಥರಾ ಕಾವಲು ಕಾಯುತ್ತದೆ. ಹಾಗಾಗಿ ಮೊದಲ ರಾತ್ರಿ ಹೊರಳಾಡಿದರೆ ಅದನ್ನು ಡಾರ್ಮಿಟರಿಯ ತಲೆಗೆ ಕಟ್ಟಬೇಡಿ. ಮೂರನೇ ರಾತ್ರಿಯೂ ಹೊರಳಾಡಿದರೆ ಆಗ ಬ್ಯಾಗ್ ಎತ್ತಿಕೊಳ್ಳಿ. ಆ ಮೂರರಲ್ಲಿ ಒಂದು ವಾರದ ಕೊನೆಯ ರಾತ್ರಿ ಇರಲಿ. ವಾರದ ಮಧ್ಯ ಶಾಂತವಾಗಿರುವ ಜಾಗ ಶನಿವಾರ ಬೇರೆಯೇ ಆಗಿಬಿಡುತ್ತದೆ.

ನಿಮ್ಮ ಸಮಸ್ಯೆ ಸದ್ದಲ್ವಾ? ಅದಕ್ಕೆ ಬರುತ್ತೇನೆ. ಮಲಗುವ ಕೋಣೆಯಲ್ಲಿ ಸದ್ದು 30 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅಂದರೆ ಹೆಚ್ಚುಕಡಿಮೆ ಪಿಸುಮಾತಿನಷ್ಟು. ಎಂಟು ಜನ ಮಲಗಿರುವ ರೂಮಿನಲ್ಲಿ ಅದು ಕನಸಿನ ಮಾತು. ಹಾಗಾಗಿ ಕಿವಿಗೆ ಫೋಮ್ ಪ್ಲಗ್ ಬೇಕೇ ಬೇಕು. ಹೆಚ್ಚಿನವರು ಅದನ್ನು ಸುಮ್ನೆ ಕಿವಿಗೆ ತುರುಕಿಕೊಂಡು, ಇದರಿಂದ ಏನೂ ಪ್ರಯೋಜನ ಇಲ್ಲ ಅನ್ನುತ್ತಾರೆ. ಹಾಕುವ ಕ್ರಮ ಇದೆ. ಎರಡು ಬೆರಳಲ್ಲಿ ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ, ಆಗ ಒಳಗಿನ ದಾರಿ ನೇರ ಆಗುತ್ತದೆ. ಒಳಗೆ ತಳ್ಳಿ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿದಿರಿ. ಅದು ಒಳಗೇ ಉಬ್ಬುತ್ತಾ ಹೋಗುತ್ತದೆ, ಪಕ್ಕದವರ ಮಾತು ನೀರಿನೊಳಗೆ ಕೇಳಿದ ಹಾಗೆ ಆಗುತ್ತದೆ. ಆಗ ಸರಿಯಾಗಿ ಕೂತಿತು ಅಂತ ಲೆಕ್ಕ. ಅಲಾರಂ ಕೇಳಿಸದಿದ್ದರೆ ಅಂತ ಹೆದರಿಕೆಯಾದರೆ ಕೈಗೆ ಕಟ್ಟುವ, ನಡುಗುವ ಗಡಿಯಾರ ಹಾಕಿಕೊಳ್ಳಿ. ಇದರಿಂದ ಉಳಿದ ಏಳು ಜನಕ್ಕೂ ಪುಣ್ಯ.

ಗೊರಕೆಗೆ ಎಲ್ಲರೂ ಹೆದರುತ್ತಾರೆ. ನನ್ನನ್ನು ಕೇಳಿದರೆ ಡಾರ್ಮಿಟರಿಯ ಅತಿ ಕೆಟ್ಟ ಸದ್ದು ಪ್ಲಾಸ್ಟಿಕ್ ಕವರ್. ಗೊರಕೆಗೆ ಒಂದು ಲಯ ಇದೆ, ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬೆಳಗಿನ ಐದು ಗಂಟೆಗೆ ಯಾರೋ ಕವರಿನೊಳಗೆ ಕಾಲುಚೀಲ ಹುಡುಕುತ್ತಾರೆ ನೋಡಿ, ಚರಚರ ಅಂತ, ನಿಲ್ಲಿಸುತ್ತಾರೆ, ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಚರಚರ. ನನ್ನ ಡಾರ್ಮಿಟರಿಯಲ್ಲಿ ನಡೆದ ಜಗಳಗಳಲ್ಲಿ ಅರ್ಧಕ್ಕರ್ಧ ಈ ಕವರಿನಿಂದಲೇ ಶುರುವಾಗಿವೆ. ನೀವು ಬಟ್ಟೆ ಚೀಲ ಇಟ್ಟುಕೊಳ್ಳಿ, ನಾಳೆ ಬೇಕಾದದ್ದನ್ನು ಇವತ್ತೇ ಮೇಲೆ ತೆಗೆದಿಡಿ.

ಮಂಚದ ವಿಷಯ. ಕೆಳಗಿನದು, ಗೋಡೆಯ ಕಡೆಯದು, ಬಾಗಿಲಿನಿಂದ ದೂರದ್ದು. ಈ ಮೂರರಲ್ಲಿ ಎರಡು ಸಿಕ್ಕರೂ ಹಿಡಿದುಬಿಡಿ. ಮೇಲಿನ ಮಂಚದಲ್ಲಿ ಬಿಸಿಗಾಳಿ ಸೇರುತ್ತದೆ, ರಾತ್ರಿ ಏಳಬೇಕಾದಾಗೆಲ್ಲ ಏಣಿ ಇಳಿಯಬೇಕು, ಲೈಟು ಕಣ್ಣಿಗೇ ಹೊಡೆಯುತ್ತದೆ. ಕೆಳಗಿನದಕ್ಕೆ ಒಂದು ಪರದೆ ಕಟ್ಟಬಹುದು. ನಮ್ಮಲ್ಲಿ ಏಳು ತಿಂಗಳು ಇದ್ದ ಒಬ್ಬ ಹುಡುಗ ಮೂಲೆಯ ಕೆಳಮಂಚಕ್ಕೆ ಮೇಲಿನ ಹಾಸಿಗೆಯ ಅಡಿಗೆ ಸಿಕ್ಕಿಸಿ ಗಾಢ ನೀಲಿ ಬಣ್ಣದ ಹಳೇ ಬೆಡ್‌ಶೀಟ್ ಇಳಿಬಿಟ್ಟಿದ್ದ. ಒಳಗೆ ಒಂದು ಸಣ್ಣ ದೀಪ, ಕಂಬಿಗೆ ಕಟ್ಟಿದ ಒಂದು ಚೀಲ, ಅದರಲ್ಲಿ ಕನ್ನಡಕ, ಚಾರ್ಜರ್, ನೀರಿನ ಬಾಟಲಿ. ಪರದೆ ಎಳೆದಿದ್ದರೆ ಅವನು ಮನೆಯಲ್ಲಿಲ್ಲ ಅಂತ ಲೆಕ್ಕ, ಯಾರೂ ಮಾತಾಡಿಸುತ್ತಿರಲಿಲ್ಲ. ಆ ರೂಢಿ ಮಾಡಿದ್ದು ಅವನೇ, ಅದನ್ನು ನೋಡಿ ನಾನು ಆಮೇಲೆ ಎಲ್ಲಾ ಮಂಚಕ್ಕೂ ಪರದೆ ಹಾಕಿಸಿದೆ.

ಗಾಳಿಯನ್ನೂ ನೋಡಿ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಭಾಗದಲ್ಲಿ ಸುಮಾರು 420 ಇರುತ್ತದೆ. ಎಂಟು ಜನ ಮಲಗಿ ಕಿಟಕಿ ಬಾಗಿಲು ಹಾಕಿಕೊಂಡರೆ ಬೆಳಗಾಗುವುದರೊಳಗೆ ಅದು 2000 ದಾಟುವುದು ದೊಡ್ಡ ವಿಷಯ ಅಲ್ಲ. ಎದ್ದಾಗ ತಲೆ ಭಾರ, ನಿದ್ದೆ ಆದ ಹಾಗೇ ಇಲ್ಲ ಅನ್ನಿಸುತ್ತದೆ. ಎಸಿ ಇದೆ ಅಂದರೆ ಸಾಲದು, ಸಾಮಾನ್ಯ ಎಸಿ ಇದ್ದ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಸ್ವಲ್ಪವಾದರೂ ತೆರೆಯುವ ಕಿಟಕಿಯೋ ಎಕ್ಸಾಸ್ಟ್ ಫ್ಯಾನೋ ಬೇಕು. ಅಕ್ಕಪಕ್ಕದ ಮಂಚದಲ್ಲಿ ಯಾರಿಗಾದರೂ ಕೆಮ್ಮು ನೆಗಡಿ ಇದ್ದರೆ ನೀವು ದಿಂಬನ್ನು ಆ ಕಡೆಯಿಂದ ಈ ಕಡೆಗೆ ಹಾಕಿಕೊಳ್ಳಿ, ಅವರ ತಲೆ ಇರುವ ಕಡೆ ನಿಮ್ಮ ಕಾಲು ಬರಲಿ. ಮುಖ ಮುಖದ ನಡುವೆ ಅಷ್ಟು ದೂರ ಸಿಕ್ಕರೂ ಲಾಭವೇ.

ತಿಗಣೆ ಬಗ್ಗೆ ನೀವು ಕೇಳಿಲ್ಲ, ಕೇಳಬೇಕಿತ್ತು. ಕೊಳಕು ಜಾಗದಲ್ಲಿ ಮಾತ್ರ ತಿಗಣೆ ಅನ್ನುವುದು ಸುಳ್ಳು. ಅದು ಜನರ ಬ್ಯಾಗಿನಲ್ಲಿ ಕೂತು ಪ್ರಯಾಣ ಮಾಡುತ್ತದೆ, ಜನ ಜಾಸ್ತಿ ಬದಲಾಗುವ ಕಡೆ ಜಾಸ್ತಿ ಬರುತ್ತದೆ. ಇಲ್ಲೂ ನೋಡಿ, ತಿಂಗಳುಗಟ್ಟಲೆ ಇರುವವರ ರೂಮೇ ಮೇಲು. ಸೇರುವ ಮುಂಚೆ ಬ್ಯಾಗನ್ನು ಮಂಚದ ಮೇಲೆ ಇಡಬೇಡಿ. ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ಅಂಚಿನ ಹೊಲಿಗೆ, ಮೂಲೆ, ಮಂಚದ ಕೀಲು, ಮೊಳೆಯ ಗುಂಡಿ ನೋಡಿ. ದೊಡ್ಡ ತಿಗಣೆ ಸೇಬಿನ ಬೀಜದಷ್ಟು ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಅದು ಸಿಗದಿದ್ದರೂ ಪೆನ್ನಿನ ಶಾಯಿ ತಾಗಿಸಿದ ಹಾಗೆ ಕಪ್ಪು ಚುಕ್ಕಿಗಳು ಸಾಲಾಗಿ ಕಂಡರೆ ಆ ರೂಮು ಬೇಡ. ಅದು ಕಚ್ಚಿದರೆ ರೋಗ ಹರಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ, ಆದರೆ ತುರಿಕೆ ಮತ್ತು ನಿದ್ದೆಗೇಡು ಸಾಕು. ಊಟ ಇಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ, ಹಾಗಾಗಿ ಹತ್ತು ದಿನ ರೂಮು ಖಾಲಿ ಬಿಟ್ಟಿದ್ದೆವು ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಅದಕ್ಕೆ ಆಗದಿರುವುದು ಬಿಸಿ. ಬಟ್ಟೆಯನ್ನು 60 ಡಿಗ್ರಿ ನೀರಿನಲ್ಲಿ ಒಗೆದರೆ, ಅಥವಾ ಜಾಸ್ತಿ ಬಿಸಿಯಲ್ಲಿ ಅರ್ಧ ಗಂಟೆ ಡ್ರೈಯರ್‌ಗೆ ಹಾಕಿದರೆ ಮೊಟ್ಟೆಯೂ ಸಾಯುತ್ತದೆ.

ನನ್ನ ದಡ್ಡತನ ಒಂದು ಹೇಳಿಬಿಡುತ್ತೇನೆ. ಶುರುವಿನ ವರ್ಷಗಳಲ್ಲಿ ಒಂದು ಮಂಚದಲ್ಲಿ ತಿಗಣೆ ಅಂತ ದೂರು ಬಂತು. ಗಿರಾಕಿ ಸಿಟ್ಟಾಗಬಾರದು ಅಂತ ಆ ಹಾಸಿಗೆಯನ್ನು ಎತ್ತಿ, ಖಾಲಿ ಇದ್ದ ಪಕ್ಕದ ರೂಮಿನಲ್ಲಿ ಒರಗಿಸಿದೆ, ಅವರಿಗೆ ಹೊಸದು ಕೊಟ್ಟೆ. ಜಾಣ ಅಂದುಕೊಂಡಿದ್ದೆ. ಒಂದೂವರೆ ತಿಂಗಳಲ್ಲಿ ಎರಡೂ ರೂಮು ಮುಚ್ಚಬೇಕಾಯಿತು. ಮಂಚದ ಕೀಲಿನಲ್ಲಿ ಇದ್ದವು ಅಲ್ಲೇ ಉಳಿದಿದ್ದವು, ಹಾಸಿಗೆಯಲ್ಲಿ ಇದ್ದವಕ್ಕೆ ನಾನೇ ಹೊಸ ಮನೆ ತೋರಿಸಿದ್ದೆ. ಆದ್ದರಿಂದ ನೀವು ದೂರು ಕೊಟ್ಟಾಗ ಮಾಲೀಕರು "ಬೇರೆ ರೂಮಿಗೆ ಹೋಗಿ" ಅಂತ ಮಾತ್ರ ಹೇಳಿದರೆ, ನಿಮ್ಮ ಸಾಮಾನಿನ ಜೊತೆ ತಿಗಣೆಯೂ ಬರುತ್ತದೆ ಅಂತ ತಿಳಿಯಿರಿ.

ಕಳ್ಳತನ ಜನ ಅಂದುಕೊಂಡಷ್ಟು ಇಲ್ಲ. ನನ್ನ ಅನುಭವದಲ್ಲಿ ಜಾಸ್ತಿ ಹೋಗುವುದು ಚಾರ್ಜರ್, ಟವೆಲ್, ಫ್ರಿಜ್ಜಿನಲ್ಲಿಟ್ಟ ತಿಂಡಿ. ಬೀಗ ನಿಮ್ಮದೇ ಒಯ್ಯಿರಿ, ಡಾರ್ಮಿಟರಿಯವರು ಕೊಡುವ ಬೀಗಕ್ಕೆ ಎಷ್ಟು ಕೀಲಿ ಇವೆ ಅನ್ನುವುದು ದೇವರಿಗೇ ಗೊತ್ತು. ಲ್ಯಾಪ್‌ಟಾಪ್ ಲಾಕರ್‌ನಲ್ಲಿ ಹಿಡಿಸುತ್ತದಾ ಅಂತ ಹಾಕಿಯೇ ನೋಡಿ.

ಒಪ್ಪಂದದ ವಿಷಯದಲ್ಲಿ ಮಾತ್ರ ಸಂಕೋಚ ಬೇಡ. ಎಷ್ಟೋ ಕಡೆ ಎರಡು ವಾರಕ್ಕಿಂತ, ಇಲ್ಲವೇ 28 ದಿನಕ್ಕಿಂತ ಜಾಸ್ತಿ ಇರಬಾರದು ಅನ್ನುವ ನಿಯಮ ಇರುತ್ತದೆ. ಸುಮ್ಮನೆ ಮಾಡಿದ್ದಲ್ಲ. ಕೆಲವು ದೇಶಗಳಲ್ಲಿ ಇಷ್ಟು ದಿನ ದಾಟಿದರೆ ಅತಿಥಿ ಹೋಗಿ ಬಾಡಿಗೆದಾರ ಆಗುತ್ತಾನೆ, ಆಮೇಲೆ ಸುಲಭವಾಗಿ ಖಾಲಿ ಮಾಡಿಸಲು ಬರುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 30 ದಿನದ ಲೆಕ್ಕ. ಅದನ್ನು ತಪ್ಪಿಸಲು ಕೆಲವು ಹೋಟೆಲ್‌ನವರು 28ನೇ ದಿನಕ್ಕೆ ಜನರನ್ನು ಹೊರಗೆ ಹಾಕಿ ಮತ್ತೆ ಒಳಗೆ ಸೇರಿಸಿಕೊಳ್ಳುವ ಆಟ ಶುರುಮಾಡಿದ್ದರು, ಕೊನೆಗೆ ಅದನ್ನೇ ಅಲ್ಲಿನ ಕಾನೂನು ನಿಷೇಧಿಸಿತು. ನೀವು ಹೋಗುವ ಊರಿನ ನಿಯಮ ಏನೋ ತಿಳಿದುಕೊಳ್ಳಿ, ತೊಂಬತ್ತು ದಿನವೂ ಅದೇ ಮಂಚ ಸಿಗುತ್ತದಾ ಅಂತ ಬರೆಸಿಕೊಳ್ಳಿ. ಊರಿಗೆ ಜನ ಜಾಸ್ತಿ ಬರುವ ಸೀಸನ್ನಿನಲ್ಲಿ ಕಡಿಮೆ ಬಾಡಿಗೆಯವರನ್ನೇ ಮೊದಲು ಎಬ್ಬಿಸುತ್ತಾರೆ. ಠೇವಣಿಗೆ ರಸೀದಿ ತಗೊಳ್ಳಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಅನ್ನುವುದನ್ನು ಕೂಡ ಬರೆಸಿ.

ಬೆಂಕಿ. ಇದನ್ನು ಯಾರೂ ನೋಡುವುದಿಲ್ಲ, ದಯವಿಟ್ಟು ನೀವು ನೋಡಿ. ಹೊರಗೆ ಹೋಗಲು ಎರಡು ದಾರಿ ಇವೆಯಾ, ಎರಡನೆಯದಕ್ಕೆ ಬೀಗ ಹಾಕಿ ಮುರುಕು ಮಂಚ ಒಟ್ಟಿದ್ದಾರಾ, ಕಿಟಕಿಗೆ ತೆರೆಯಲಾಗದ ಕಂಬಿ ಇದೆಯಾ, ಚಾವಣಿಯಲ್ಲಿ ಹೊಗೆ ಅಲಾರಂ ಇದೆಯಾ. ಒಂದೇ ಪ್ಲಗ್ಗಿಗೆ ಸಿಕ್ಕಿಸಿದ ಉದ್ದನೆಯ ಎಕ್ಸ್‌ಟೆನ್ಷನ್ನಿನಲ್ಲಿ ಎಂಟು ಜನರ ಚಾರ್ಜರ್ ಇದ್ದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ, ಬೇಡ. ನೀವೂ ಅಷ್ಟೇ, ಫೋನನ್ನು ಚಾರ್ಜಿಗೆ ಹಾಕಿ ದಿಂಬಿನ ಅಡಿ ಇಟ್ಟು ಮಲಗಬೇಡಿ.

ಕೆಲವರಿಗೆ ಡಾರ್ಮಿಟರಿ ಆಗುವುದೇ ಇಲ್ಲ. ರಾತ್ರಿ ಪಾಳಿಯವರು, ಮನೆಯವರ ಜೊತೆ ದಿನಾ ಒಂದು ಗಂಟೆ ಫೋನಿನಲ್ಲಿ ಮಾತಾಡಲೇಬೇಕಾದವರು, ಹೊತ್ತು ಹೊತ್ತಿಗೆ ಫ್ರಿಜ್ಜಿನಿಂದ ಔಷಧಿ ತಗೊಳ್ಳಬೇಕಾದವರು ಒಂಟಿ ರೂಮೇ ನೋಡಿಕೊಳ್ಳುವುದು ಒಳ್ಳೆಯದು. ಸಣ್ಣ ಸದ್ದಿಗೆ ಎಚ್ಚರ ಆಗುವವರನ್ನು ನಾನು ಈ ಪಟ್ಟಿಗೆ ಸೇರಿಸುವುದಿಲ್ಲ. ನಾಲ್ಕು ಅಥವಾ ಆರು ಮಂಚದ ರೂಮು ಹುಡುಕಿ, ಹತ್ತು ಹನ್ನೆರಡರದ್ದು ಬೇಡ. ಇನ್ನೊಂದು ಉಪಾಯ ಇದೆ: ತಿಂಗಳಿಗೆ ಒಂದೋ ಎರಡೋ ರಾತ್ರಿ ಒಂಟಿ ರೂಮಿಗೆ ಅಂತ ಮೊದಲೇ ದುಡ್ಡು ತೆಗೆದಿಡಿ. ಹೋಗಿ ಬಾಗಿಲು ಹಾಕಿಕೊಂಡು ಹತ್ತು ಗಂಟೆ ಮಲಗಿ ಬನ್ನಿ. ನಾನು ಆ ಒಂದೂವರೆ ವರ್ಷ ತಳ್ಳಿದ್ದು ಹೀಗೆಯೇ. ಆ ಖರ್ಚನ್ನು ಸೇರಿಸಿಯೂ ಅರ್ಧದಷ್ಟು ಉಳಿಯುತ್ತಿತ್ತು.

ಮೂರು ತಿಂಗಳು ಮುಗಿಸಿ ಊರಿಗೆ ಹೋದ ದಿನ ಬ್ಯಾಗನ್ನು ನೇರ ಮಲಗುವ ಕೋಣೆಗೆ ಒಯ್ಯಬೇಡಿ. ಹೊರಗೇ ಬಿಚ್ಚಿ, ಬಟ್ಟೆಗಳನ್ನೆಲ್ಲ ಬಿಸಿನೀರಿಗೆ ಹಾಕಿ, ಬ್ಯಾಗಿನ ಹೊಲಿಗೆಗಳನ್ನು ಟಾರ್ಚ್ ಹಿಡಿದು ನೋಡಿ, ಆಮೇಲೆ ಒಳಗೆ ಹೋಗಿ.